ಆಬ್ಜ್‌ಡಂಪ್ ಬಗ್ಗೆ ಕೊಡಗಿನ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಪೊನ್ನಂಪೇಟೆ, ಕುಶಾಲನಗರ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ತೋಟಕ್ಕೆ ತಾವೇ ಮಳೆ ಮಾಪಕ ಕಟ್ಟಿಕೊಂಡ ಬೆಳೆಗಾರರು ಕೇಳಿದ ಪ್ರಶ್ನೆಗಳಿವು. ಕೆಲವು ಎದುರು ಕೂತು ಕೇಳಿದ್ದು, ಕೆಲವು ಮೆಸೇಜಿನಲ್ಲಿ ಬಂದದ್ದು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿಂದ ಓದಿ. ಗೊತ್ತಿರುವವರು ಬೇಕಾದ ಕಡೆಗೆ ನೇರವಾಗಿ ಹೋಗಬಹುದು.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ‘ಸಣ್ಣ ಡಿ’ ಎಂದರೆ ಹೈಫನ್ ಹಾಕಿ ಚಿಕ್ಕ ಅಕ್ಷರದ ಡಿ, ‘ದೊಡ್ಡ ಡಿ’ ಎಂದರೆ ಹೈಫನ್ ಹಾಕಿ ಕ್ಯಾಪಿಟಲ್ ಡಿ. ಈ ಎರಡರ ನಡುವೆ ಬಹಳ ವ್ಯತ್ಯಾಸ ಇದೆ, ಗಮನ ಇರಲಿ.

## ಶುರು ಮಾಡುವವರಿಗೆ

ಆಬ್ಜ್‌ಡಂಪ್ ಅಂದ್ರೆ ಏನು? ನಾನು ಬರೆದ ಸಿ ಕೋಡ್ ವಾಪಸ್ ಕೊಡುತ್ತಾ?

ಇಲ್ಲ, ಸಿ ಕೋಡ್ ವಾಪಸ್ ಬರುವುದಿಲ್ಲ. ಕಂಪೈಲರ್ ನಿಮ್ಮ ಕೋಡನ್ನು ಪ್ರೊಸೆಸರ್‌ಗೆ ಅರ್ಥವಾಗುವ ಬೈಟ್‌ಗಳಾಗಿ ಮಾಡಿ ಆಬ್ಜೆಕ್ಟ್ ಫೈಲಿನಲ್ಲಿ ಇಡುತ್ತದೆ. ಆಬ್ಜ್‌ಡಂಪ್ ಆ ಬೈಟ್‌ಗಳನ್ನು ಓದಿ, ಅವು ಯಾವ ಅಸೆಂಬ್ಲಿ ಆದೇಶಗಳು (ಪ್ರೊಸೆಸರ್ ಮಾಡುವ ಒಂದೊಂದು ಹೆಜ್ಜೆಯನ್ನು ಹೆಸರಿನಲ್ಲಿ ಬರೆದ ರೂಪ) ಎಂದು ಬರೆದು ತೋರಿಸುತ್ತದೆ. ಇದಕ್ಕೆ ಡಿಸ್‌ಅಸೆಂಬ್ಲಿ ಎನ್ನುತ್ತಾರೆ. ಸಿ ರೂಪಕ್ಕೆ ತರಲು ಪ್ರಯತ್ನಿಸುವುದು ಡಿಕಂಪೈಲರ್. ಅದು ಬೇರೆಯೇ ಸಾಧನ, ಅದು ಕೊಡುವುದರಲ್ಲಿ ಊಹೆ ಜಾಸ್ತಿ.

ಸಿ ಕೋಡ್ ನೋಡಿದರೆ ನೀವು ಏನು ಮಾಡಬೇಕು ಅಂದುಕೊಂಡಿರಿ ಎಂದು ಗೊತ್ತಾಗುತ್ತದೆ. ಆಬ್ಜ್‌ಡಂಪ್ ನೋಡಿದರೆ ಚಿಪ್ ಏನು ಮಾಡಲಿದೆ ಎಂದು ಗೊತ್ತಾಗುತ್ತದೆ. ಎರಡರ ನಡುವೆ ಅಂತರ ಇದ್ದಾಗಲೇ ಈ ಸಾಧನ ನೆರವಿಗೆ ಬರುವುದು.

ಎಲ್ಲಿಂದ ಹಾಕಿಕೊಳ್ಳೋದು? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ.

ಇದು ಗ್ನೂ ಬಿನ್‌ಯುಟಿಲ್ಸ್ ಎಂಬ ಗೊಂಚಲಿನ ಭಾಗ. ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇದ್ದರೆ ‘ಸುಡೋ ಎಪಿಟಿ ಇನ್‌ಸ್ಟಾಲ್ ಬಿನ್‌ಯುಟಿಲ್ಸ್’ ಸಾಕು. ಜಿಸಿಸಿ ಎಂಬ ಸಿ ಕಂಪೈಲರ್ ಈಗಾಗಲೇ ಇದ್ದರೆ ಇದೂ ಬಂದಿರುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಸೌಲಭ್ಯ) ಹಾಕಿಕೊಂಡು ಅದರೊಳಗೆ ಉಬುಂಟು ಬಳಸುವುದು ಸುಲಭ.

ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡವೇ ಬೇಡ. ಬ್ರೌಸರ್‌ನಲ್ಲಿ ನಡೆಯುವ ಸಾಧನಗಳಿಗಿಂತ ಇದನ್ನೇ ಕಲಿಯಿರಿ ಎಂದು ಇಲ್ಲಿನವರಿಗೆ ನಾನು ಹೇಳುವುದು ಈ ಕಾರಣಕ್ಕೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಟವರ್ ಸತ್ತರೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ. ಮೇ ತಿಂಗಳಲ್ಲೇ ಬೇಕಾದ್ದೆಲ್ಲ ಇಳಿಸಿಟ್ಟುಕೊಳ್ಳಿ. ಕೈಪಿಡಿಯೂ ಜೊತೆಗೇ ಬರುತ್ತದೆ, ‘ಮ್ಯಾನ್ ಆಬ್ಜ್‌ಡಂಪ್’ ಎಂದು ಹೊಡೆದರೆ ತೆರೆಯುತ್ತದೆ.

ಲ್ಯಾಪ್‌ಟಾಪ್ ಇಲ್ಲ ಸರ್, ಫೋನಲ್ಲಿ ಆಗುತ್ತಾ?

ಆಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಹಾಕಿಕೊಂಡು ಅದರಲ್ಲಿ ಕ್ಲ್ಯಾಂಗ್ ಕಂಪೈಲರ್ ಮತ್ತು ಬಿನ್‌ಯುಟಿಲ್ಸ್ ಇನ್‌ಸ್ಟಾಲ್ ಮಾಡಿ. ಈಗಿನ ಫೋನುಗಳ ಪ್ರೊಸೆಸರ್ ಬಹುಪಾಲು 64 ಬಿಟ್ ಆರ್ಮ್. ಹಾಗಾಗಿ ಫೋನಿನಲ್ಲಿ ಕಂಪೈಲ್ ಮಾಡಿದ್ದು ಇಂಟೆಲ್ ಲ್ಯಾಪ್‌ಟಾಪಿನದಕ್ಕಿಂತ ಬೇರೆ ಕಾಣುತ್ತದೆ. ಕಲಿಯುವವರಿಗೆ ಅದು ಒಳ್ಳೆಯದೇ. 64 ಬಿಟ್ ಆರ್ಮ್‌ನಲ್ಲಿ ಪ್ರತಿ ಆದೇಶವೂ ಸರಿಯಾಗಿ 4 ಬೈಟ್. ಇಂಟೆಲ್‌ನಲ್ಲಿ 1 ಬೈಟಿನಿಂದ 15 ಬೈಟಿನವರೆಗೆ ಏನೂ ಆಗಬಹುದು.

ಮೊಟ್ಟಮೊದಲು ಏನು ಟೈಪ್ ಮಾಡಬೇಕು?

ಎರಡು ಸಂಖ್ಯೆ ಕೂಡಿಸುವ ಒಂದು ಪುಟ್ಟ ಫಂಕ್ಷನ್ ಬರೆದು ‘ಮಳೆ.ಸಿ’ ಎಂದು ಉಳಿಸಿ. ಜಿಸಿಸಿಗೆ ಸಣ್ಣ ಸಿ ಕೊಟ್ಟು ಕಂಪೈಲ್ ಮಾಡಿದರೆ ಲಿಂಕ್ ಆಗದೆ (ಬೇರೆ ಫೈಲು, ಲೈಬ್ರರಿಗಳ ಜೊತೆ ಜೋಡಣೆ ಆಗದೆ) ‘ಮಳೆ.ಓ’ ಎಂಬ ಆಬ್ಜೆಕ್ಟ್ ಫೈಲ್ ಸಿಗುತ್ತದೆ. ಆಮೇಲೆ ‘ಆಬ್ಜ್‌ಡಂಪ್’, ‘ಸಣ್ಣ ಡಿ’, ಫೈಲ್ ಹೆಸರು. ಅಷ್ಟೇ.

ಮೊದಲ ದಿನವೇ ದೊಡ್ಡ ಪ್ರೋಗ್ರಾಮ್ ತೆರೆಯಬೇಡಿ. ಹತ್ತು ಸಾಲಿನ ಫಂಕ್ಷನ್ ಬರೆದು, ಒಂದು ಸಾಲು ಬದಲಿಸಿ, ಮತ್ತೆ ಕಂಪೈಲ್ ಮಾಡಿ, ಏನು ಬದಲಾಯಿತು ನೋಡಿ. ಹೀಗೆ ಕಲಿತದ್ದು ಮರೆಯುವುದಿಲ್ಲ.

ಮೂರು ಕಾಲಂ ಕಾಣುತ್ತೆ. ಯಾವುದು ಏನು?

ಎಡಗಡೆಯದು ವಿಳಾಸ, ನಡುವಿನದು ಬೈಟ್‌ಗಳು, ಬಲಗಡೆಯದು ಅಸೆಂಬ್ಲಿ ಆದೇಶ. ಸಂಖ್ಯೆಗಳೆಲ್ಲ ಹದಿನಾರರ ಲೆಕ್ಕದಲ್ಲಿ (ಹೆಕ್ಸ್, 9 ಆದ ಮೇಲೆ ಎ ಇಂದ ಎಫ್ ವರೆಗಿನ ಅಕ್ಷರಗಳು) ಇರುತ್ತವೆ. ಇಂಟೆಲ್‌ನಲ್ಲಿ ಫಂಕ್ಷನ್ ಶುರುವಿನಲ್ಲಿ 55 ಎಂಬ ಒಂದು ಬೈಟ್ ಕಂಡರೆ ಅದು ಪುಶ್, ಕೊನೆಯಲ್ಲಿ ಸಿ3 ಕಂಡರೆ ಅದು ರಿಟರ್ನ್. ಈಚಿನ ಉಬುಂಟುವಿನಲ್ಲಿ ಎಲ್ಲಕ್ಕಿಂತ ಮೊದಲು ‘ಎಂಡ್‌ಬಿಆರ್64’ ಎಂಬ ನಾಲ್ಕು ಬೈಟಿನ ಆದೇಶ ಬರುತ್ತದೆ. ಅದು ಭದ್ರತೆಗಾಗಿ ಕಂಪೈಲರ್ ಇಡುವ ಗುರುತು. ನೀವು ಬರೆದ ಲೆಕ್ಕಕ್ಕೂ ಅದಕ್ಕೂ ಸಂಬಂಧ ಇಲ್ಲ, ದಾಟಿ ಮುಂದೆ ಓದಿ.

## ದಿನಾ ಬೇಕಾಗುವ ವಿಷಯಗಳು

ಸಣ್ಣ ಡಿ ಕೊಡಬೇಕಾ, ದೊಡ್ಡ ಡಿ ಕೊಡಬೇಕಾ?

ಸಾಮಾನ್ಯವಾಗಿ ಸಣ್ಣ ಡಿ. ಅದು ಕೋಡ್ ಇರುವ ವಿಭಾಗಗಳನ್ನು ಮಾತ್ರ ಬಿಚ್ಚುತ್ತದೆ. ದೊಡ್ಡ ಡಿ ಎಲ್ಲ ವಿಭಾಗಗಳನ್ನೂ ಕೋಡ್ ಎಂದೇ ತಿಳಿದು ಬಿಚ್ಚುತ್ತದೆ. ನೀವು ಬರೆದ ‘ನಮಸ್ಕಾರ’ ಎಂಬ ಅಕ್ಷರಗಳೂ ಆಗ ಅರ್ಥವಿಲ್ಲದ ಆದೇಶಗಳಾಗಿ ಕಾಣುತ್ತವೆ. ಡೇಟಾ ಹಾಗೇ ನೋಡಬೇಕಿದ್ದರೆ ಸಣ್ಣ ಎಸ್ ಕೊಡಿ. ಬೈಟ್‌ಗಳೂ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳೂ ಬರುತ್ತವೆ, ಕನ್ನಡದ ಅಕ್ಷರಗಳು ಮಾತ್ರ ಚುಕ್ಕಿಗಳಾಗಿ ಕಾಣುತ್ತವೆ. ಯಾವ ವಿಭಾಗ ಎಲ್ಲಿದೆ, ಎಷ್ಟು ದೊಡ್ಡದು ಎಂದು ತಿಳಿಯಲು ಸಣ್ಣ ಎಚ್.

ಪುಸ್ತಕದಲ್ಲಿ ಒಂದು ಥರ ಇದೆ, ಇಲ್ಲಿ ಎಲ್ಲ ಉಲ್ಟಾ ಬರುತ್ತಿದೆ. ಯಾಕೆ?

ಇಂಟೆಲ್ ಪ್ರೊಸೆಸರ್‌ಗಳ ಅಸೆಂಬ್ಲಿಯನ್ನು ಬರೆಯಲು ಎರಡು ಶೈಲಿ ಇವೆ. ಆಬ್ಜ್‌ಡಂಪ್ ತಾನಾಗಿ ತೋರಿಸುವುದು ಎಟಿ ಅಂಡ್ ಟಿ ಶೈಲಿ. ಅದರಲ್ಲಿ ಎಲ್ಲಿಂದ ಎಂಬುದು ಮೊದಲು, ಎಲ್ಲಿಗೆ ಎಂಬುದು ಆಮೇಲೆ. ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ) ಮುಂದೆ ಶೇಕಡಾ ಚಿಹ್ನೆ, ಸಂಖ್ಯೆಯ ಮುಂದೆ ಡಾಲರ್ ಚಿಹ್ನೆ ಇರುತ್ತದೆ. ಕಾಲೇಜಿನ ಪಠ್ಯದಲ್ಲಿ ಜಾಸ್ತಿ ಬಳಸುವ ಇಂಟೆಲ್ ಶೈಲಿಯಲ್ಲಿ ಎಲ್ಲಿಗೆ ಎಂಬುದೇ ಮೊದಲು. ‘ದೊಡ್ಡ ಎಂ’ ಹಾಕಿ ‘ಇಂಟೆಲ್’ ಎಂದು ಸೇರಿಸಿದರೆ ಪುಸ್ತಕದ ಹಾಗೇ ಬರುತ್ತದೆ. ಬೈಟ್‌ಗಳು ಎರಡರಲ್ಲೂ ಒಂದೇ.

ಫಂಕ್ಷನ್ ಕರೆಯುವ ಕಡೆ ಇ8 ಆದ ಮೇಲೆ ನಾಲ್ಕೂ ಬೈಟ್ ಸೊನ್ನೆ. ಫೈಲ್ ಹಾಳಾಗಿದೆಯಾ?

ಹಾಳಾಗಿಲ್ಲ. ನೀವು ನೋಡುತ್ತಿರುವುದು ಇನ್ನೂ ಲಿಂಕ್ ಆಗದ ಫೈಲ್. ಕರೆಯಬೇಕಾದ ಫಂಕ್ಷನ್ ಎಲ್ಲಿ ಕೂರುತ್ತದೆ ಎಂದು ಕಂಪೈಲರ್‌ಗೆ ಆ ಹೊತ್ತಿಗೆ ಗೊತ್ತಿರುವುದಿಲ್ಲ. ಹೆಸರು ಬರೆದು ವಿಳಾಸದ ಜಾಗ ಖಾಲಿ ಬಿಟ್ಟ ಲಗ್ನಪತ್ರಿಕೆಯ ಹಾಗೆ ಅದನ್ನು ಬಿಟ್ಟಿರುತ್ತದೆ. ವಿಳಾಸ ತುಂಬುವುದು ಲಿಂಕರ್ ಕೆಲಸ.

ಆ ಹೆಸರುಗಳ ಪಟ್ಟಿಯೂ ಫೈಲಿನೊಳಗೇ ಇದೆ. ಸಣ್ಣ ಡಿ ಜೊತೆ ಸಣ್ಣ ಆರ್ ಕೂಡ ಕೊಡಿ. ಪ್ರತಿ ಖಾಲಿ ಜಾಗದ ಕೆಳಗೆ ಯಾವ ಫಂಕ್ಷನ್ ಬೇಕು ಎಂದು ಬರುತ್ತದೆ. ಹೆಸರಿನ ಜೊತೆ ‘ಮೈನಸ್ 4’ ಎಂದು ಇರುವುದನ್ನು ನೋಡಿ ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ಇಂಟೆಲ್‌ನಲ್ಲಿ ಕಾಲ್ ಆದೇಶದ ದೂರವನ್ನು ಅಳೆಯುವುದು ಮುಂದಿನ ಆದೇಶದಿಂದ. ಆದರೆ ಲಿಂಕರ್ ಲೆಕ್ಕ ಹಾಕುವುದು ಖಾಲಿ ಜಾಗದ ಶುರುವಿನಿಂದ. ನಡುವಿನ ಆ 4 ಬೈಟ್ ಕಳೆಯಲೇಬೇಕು.

ಸಣ್ಣ ಆರ್ ಇಲ್ಲದೆ ಆಬ್ಜೆಕ್ಟ್ ಫೈಲ್ ಓದಲು ಹೋಗಬೇಡಿ. ಯಾರು ಯಾರನ್ನು ಕರೆಯುತ್ತಾರೆ ಎಂಬುದೇ ತಪ್ಪಾಗಿ ಅರ್ಥವಾಗುತ್ತದೆ.

ನಾನು ಬರೆದದ್ದು ಪ್ರಿಂಟ್‌ಎಫ್. ಇಲ್ಲಿ ಪುಟ್ಸ್ ಅಂತ ಇದೆ!

ಜಿಸಿಸಿ ಬದಲಿಸಿದೆ. ಸಾಲಿನಲ್ಲಿ ಶೇಕಡಾ ಚಿಹ್ನೆಯ ಫಾರ್ಮ್ಯಾಟ್ ಏನೂ ಇಲ್ಲ, ಕೊನೆಗೆ ಹೊಸ ಸಾಲಿನ ಗುರುತು ಇದೆ ಎಂದಾದರೆ ಪುಟ್ಸ್ ಸಾಕು, ಅದು ಹಗುರ. ಭಾಗಾಕಾರದಲ್ಲೂ ಇಂಥದ್ದು ಕಾಣುತ್ತದೆ. ಋಣ ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಯನ್ನು 10ರಿಂದ ಭಾಗಿಸಿ, ಆಪ್ಟಿಮೈಸ್ ಮಾಡಿ (ಕೋಡನ್ನು ಚುರುಕುಗೊಳಿಸಲು ಕಂಪೈಲರ್‌ಗೆ ಹೇಳಿ) ನೋಡಿ. ಭಾಗಿಸುವ ಆದೇಶವೇ ಇರುವುದಿಲ್ಲ. ಸಿಸಿಸಿಸಿಸಿಸಿಸಿಡಿ ಎಂಬ ಉದ್ದದ ಹದಿನಾರರ ಸಂಖ್ಯೆಯಿಂದ ಗುಣಿಸಿ 35 ಬಿಟ್ ಬಲಕ್ಕೆ ಸರಿಸಿರುತ್ತದೆ. ಗುಣಿಸುವುದು ಭಾಗಿಸುವುದಕ್ಕಿಂತ ಬೇಗ ಮುಗಿಯುತ್ತದೆ, ಉತ್ತರ ಅದೇ.

ಯಾವ ಸಿ ಸಾಲಿಗೆ ಯಾವ ಅಸೆಂಬ್ಲಿ ಅಂತ ಪಕ್ಕಪಕ್ಕ ತೋರಿಸಬಹುದಾ?

ತೋರಿಸಬಹುದು. ಕಂಪೈಲ್ ಮಾಡುವಾಗ ಸಣ್ಣ ಜಿ, ಆಬ್ಜ್‌ಡಂಪ್‌ಗೆ ದೊಡ್ಡ ಎಸ್. ಮೂಲ ಸಿ ಫೈಲ್ ಅದೇ ಜಾಗದಲ್ಲಿ ಇರಬೇಕು, ಏಕೆಂದರೆ ಆಬ್ಜೆಕ್ಟ್ ಫೈಲಿನಲ್ಲಿ ಇರುವುದು ಸಾಲಿನ ಸಂಖ್ಯೆ ಮಾತ್ರ. ಆಪ್ಟಿಮೈಸ್ ಮಾಡಿದ ಕೋಡಿನಲ್ಲಿ ಸಾಲುಗಳು ಹಿಂದೆ ಮುಂದೆ ಆಗಿರುತ್ತವೆ, ಅದು ಸಹಜ. ಕಲಿಯಲು ‘ದೊಡ್ಡ ಓ’ ಜೊತೆ ಸಣ್ಣ ಜಿ ಸೇರಿಸಿ ‘ಓಜಿ’ ಕೊಡಿ. ಓದಲು ಹಿತವಾಗಿರುತ್ತದೆ.

ಸಾವಿರಾರು ಸಾಲು ಸುರಿಯುತ್ತೆ. ನನ್ನ ಒಂದು ಫಂಕ್ಷನ್ ಮಾತ್ರ ಬೇಕು.

ಎರಡು ಹೈಫನ್ ಹಾಕಿ ‘ಡಿಸ್‌ಅಸೆಂಬಲ್’, ಸಮ ಚಿಹ್ನೆ, ಫಂಕ್ಷನ್ ಹೆಸರು. ಹಳೆಯ ಆವೃತ್ತಿಗಳು ಇದನ್ನು ಒಪ್ಪುವುದಿಲ್ಲ. ಆಗ ಫಲಿತಾಂಶವನ್ನು ‘ಲೆಸ್’ ಎಂಬ ಪಠ್ಯ ನೋಡುವ ಸಾಧನಕ್ಕೆ ಹರಿಸಿ ಅಲ್ಲಿ ಹೆಸರು ಹುಡುಕಿ. ಸಿ++ ಆದರೆ ಹೆಸರುಗಳು ತಿರುಚಿಕೊಂಡಿರುತ್ತವೆ. ದೊಡ್ಡ ಸಿ ಕೊಟ್ಟರೆ ಸರಿಯಾಗುತ್ತವೆ.

## ಮಳೆ ಮಾಪಕ ಮತ್ತು ಆರ್ಡುಯಿನೋ

ಆರ್ಡುಯಿನೋದ ಫೈಲ್ ಕೊಟ್ಟರೆ ಆರ್ಕಿಟೆಕ್ಚರ್ ಗೊತ್ತಿಲ್ಲ ಅನ್ನುತ್ತೆ.

ನಿಮ್ಮ ಲ್ಯಾಪ್‌ಟಾಪಿನ ಆಬ್ಜ್‌ಡಂಪ್‌ಗೆ ಲ್ಯಾಪ್‌ಟಾಪಿನ ಪ್ರೊಸೆಸರ್ ಮಾತ್ರ ಗೊತ್ತು. ಆರ್ಡುಯಿನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡುಗಳಲ್ಲಿ ಒಂದಾದ ಊನೋದಲ್ಲಿರುವುದು ಎಟಿಮೆಗಾ328ಪಿ, ಎವಿಆರ್ ಕುಟುಂಬದ 8 ಬಿಟ್ ಚಿಪ್. ಅದಕ್ಕೆ ‘ಎವಿಆರ್-ಆಬ್ಜ್‌ಡಂಪ್’ ಬೇಕು. ಆರ್ಡುಯಿನೋ ಐಡಿಇ (ಕೋಡ್ ಬರೆದು ಬೋರ್ಡಿಗೆ ಹಾಕುವ ತಂತ್ರಾಂಶ) ಹಾಕಿದ್ದರೆ ಅದರ ಎವಿಆರ್-ಜಿಸಿಸಿ ಫೋಲ್ಡರ್ ಒಳಗೆ, ‘ಬಿನ್’ ಎಂಬಲ್ಲಿ ಈಗಾಗಲೇ ಇದೆ. ಸ್ಕೆಚ್ ಮೆನುವಿನಲ್ಲಿ ಕಂಪೈಲ್ ಆದ ಬೈನರಿಯನ್ನು ಎಕ್ಸ್‌ಪೋರ್ಟ್ ಮಾಡುವ ಆಯ್ಕೆ ಇದೆ. ಐಡಿಇ 2ರಲ್ಲಿ ಹಾಗೆ ಮಾಡಿದರೆ ‘ಬಿಲ್ಡ್’ ಫೋಲ್ಡರಿನಲ್ಲಿ ‘ಇಎಲ್‌ಎಫ್’ ಎಂದು ಕೊನೆಯಾಗುವ ಫೈಲ್ ಸಿಗುತ್ತದೆ. ಅದನ್ನೇ ಕೊಡಿ. ಇಎಸ್‌ಪಿ32 ಎಂಬ ಬೇರೆ ಚಿಪ್ ಬಳಸುವವರಿಗೆ ಎಕ್ಸ್‌ಟೆನ್ಸಾ ಹೆಸರಿನಿಂದ ಶುರುವಾಗುವ ಬೇರೆ ಆಬ್ಜ್‌ಡಂಪ್ ಇದೆ.

ಇಂಚು, ಸೆಂಟ್ ಲೆಕ್ಕಕ್ಕೆ ಫ್ಲೋಟ್ ಹಾಕಿದೆ. ಪ್ರೋಗ್ರಾಮ್ ಯಾಕೆ ಇಷ್ಟು ದಪ್ಪ ಆಯ್ತು?

ಈ ಪ್ರಶ್ನೆ ಕೇಳಿದವರಿಗೆಲ್ಲ ಎವಿಆರ್-ಆಬ್ಜ್‌ಡಂಪ್ ತೆರೆಸಿ ತೋರಿಸುತ್ತೇನೆ, ಇದು ಕಣ್ಣಾರೆ ನೋಡಬೇಕಾದ ವಿಷಯ. ನಮ್ಮ ತೋಟಗಳಲ್ಲಿ ಹೂಮಳೆ ‘ಒಂದು ಇಂಚು ಇಪ್ಪತ್ತು ಸೆಂಟ್’ ಬಂತು ಎನ್ನುತ್ತೇವೆ ಅಲ್ವಾ? ಒಂದು ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ, 0.254 ಮಿಲಿಮೀಟರ್. ಮಾಪಕದ ಬಟ್ಟಲು ಒಮ್ಮೆ ಮಗುಚಿದರೆ ಒಂದು ಸೆಂಟ್ ಎಂದು ಇಟ್ಟುಕೊಂಡು ಅನೇಕರು ಪ್ರತಿ ಸಲ 0.01 ಕೂಡಿಸುತ್ತಾರೆ.

ಎಟಿಮೆಗಾ328ಪಿಯಲ್ಲಿ ದಶಾಂಶ ಲೆಕ್ಕಕ್ಕೆ, ಅಂದರೆ ಫ್ಲೋಟ್‌ಗೆ, ಯಂತ್ರಾಂಶವೇ ಇಲ್ಲ. ಆಬ್ಜ್‌ಡಂಪ್‌ನಲ್ಲಿ ನೋಡಿದರೆ ಆ ಒಂದು ಕೂಡುವ ಜಾಗದಲ್ಲಿ ‘ಆ್ಯಡ್ ಎಸ್‌ಎಫ್ 3’ ಎಂಬ ಲೈಬ್ರರಿ ಫಂಕ್ಷನ್‌ಗೆ ಕರೆ ಇರುತ್ತದೆ. ಗುಣಾಕಾರ ಇದ್ದರೆ ‘ಮಲ್ ಎಸ್‌ಎಫ್ 3’. ಎರಡರ ಹೆಸರಿನ ಮುಂದೆಯೂ ಎರಡೆರಡು ಅಂಡರ್‌ಸ್ಕೋರ್. ಅವುಗಳ ಹಿಂದೆ ಹೋದರೆ ಸಾಲುಗಟ್ಟಲೆ ಕೋಡ್. ಜಾಗ ಹೋದದ್ದು ಅಲ್ಲಿ. ಅದಕ್ಕಿಂತ ಮುಖ್ಯವಾಗಿ, 0.01 ಎಂಬುದು ಚಿಪ್ ಬಳಸುವ ಎರಡರ ಲೆಕ್ಕದಲ್ಲಿ (ಬೈನರಿಯಲ್ಲಿ) ನಿಖರವಾಗಿ ಕೂರುವುದಿಲ್ಲ. ಸಾವಿರಾರು ಸಲ ಕೂಡಿಸಿದರೆ ಮೊತ್ತ ಜಾರುತ್ತದೆ.

ಸೆಂಟ್‌ಗಳನ್ನೇ ಪೂರ್ಣಾಂಕವಾಗಿ ಎಣಿಸಿ. ತೋರಿಸುವಾಗ ಮಾತ್ರ ನೂರರಿಂದ ಭಾಗಿಸಿ ಇಂಚು ಬೇರೆ, ಸೆಂಟ್ ಬೇರೆ ಬರೆಯಿರಿ. ಋಣ ಚಿಹ್ನೆ ಇಲ್ಲದ 16 ಬಿಟ್ ಸಂಖ್ಯೆಯಲ್ಲಿ 65535 ಸೆಂಟ್, ಅಂದರೆ 655 ಇಂಚು ಹಿಡಿಯುತ್ತದೆ. ವರ್ಷದ ಮಳೆಗೆ ಧಾರಾಳ. ಮತ್ತೆ ಆಬ್ಜ್‌ಡಂಪ್ ಮಾಡಿ ನೋಡಿ, ಕೂಡುವ ಕೆಲಸ ಕೆಲವೇ ಆದೇಶಗಳಲ್ಲಿ ಮುಗಿದಿರುತ್ತದೆ.

ಚಿಪ್ಪಿನಲ್ಲಿ ಇರೋದೇ 32 ಕೆಬಿ. 800100 ಅನ್ನೋ ವಿಳಾಸ ಎಲ್ಲಿಂದ ಬಂತು?

ಎವಿಆರ್‌ನಲ್ಲಿ ಪ್ರೋಗ್ರಾಮ್ ಇರುವ ಫ್ಲ್ಯಾಶ್ ಬೇರೆ, ರ್‍ಯಾಮ್ ಬೇರೆ. ಎರಡು ಕಡೆಯೂ ವಿಳಾಸದ ಎಣಿಕೆ ಸೊನ್ನೆಯಿಂದ ಶುರು, ಎರಡನೆಯದರಲ್ಲಿ ಮೊದಲ ವಿಳಾಸಗಳು ರಿಜಿಸ್ಟರ್‌ಗಳಿಗೆ ಹೋಗುತ್ತವೆ. ಒಂದೇ ಪಟ್ಟಿಯಲ್ಲಿ ಗೊಂದಲ ಆಗದಿರಲಿ ಎಂದು ಗ್ನೂ ಸಾಧನಗಳು ರ್‍ಯಾಮ್ ವಿಳಾಸಕ್ಕೆ ಹದಿನಾರರ ಲೆಕ್ಕದ 800000 ಸೇರಿಸುತ್ತವೆ. ಅದನ್ನು ಕಳೆದರೆ 100. ಈ ಚಿಪ್ಪಿನ ರ್‍ಯಾಮ್ ಶುರುವಾಗುವುದು ಅಲ್ಲಿಂದಲೇ.

ಬಟ್ಟಲು ಮಗುಚುತ್ತೆ, ಇಂಟರಪ್ಟ್ ಬರುತ್ತೆ, ಆದರೂ ಪ್ರೋಗ್ರಾಮ್ ಕಾಯ್ತಾನೇ ಕೂತಿರುತ್ತೆ. ವೈರ್ ಎಲ್ಲ ಸರಿ ಇದೆ.

ಎಣಿಕೆಯ ವೇರಿಯಬಲ್‌ಗೆ ‘ವೊಲಟೈಲ್’ ಹಾಕಿದ್ದೀರಾ ನೋಡಿ. ಹಾಕದಿದ್ದರೆ, ಈ ಲೂಪಿನೊಳಗೆ ಯಾರೂ ಅದನ್ನು ಬದಲಿಸುವುದಿಲ್ಲ ಎಂದು ಕಂಪೈಲರ್ ತಿಳಿಯುತ್ತದೆ. ಇಂಟರಪ್ಟ್ (ಹೊರಗಿನ ಸಂಕೇತ ಬಂದಾಗ ನಡೆಯುತ್ತಿರುವ ಕೆಲಸ ನಿಲ್ಲಿಸಿ ಓಡುವ ಕೋಡ್) ಬಂದು ಬದಲಿಸುವುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ರ್‍ಯಾಮಿನಿಂದ ಒಮ್ಮೆ ಮಾತ್ರ ಓದಿ, ಸೊನ್ನೆ ಇದ್ದರೆ ತನ್ನ ಮೇಲೇ ಹಾರುವ ಒಂದು ಆದೇಶ ಹಾಕಿಬಿಡುತ್ತದೆ.

ಪರದೆಯಲ್ಲಿ ಅದು ‘ಆರ್‌ಜೆಂಪ್’, ಮುಂದೆ ಚುಕ್ಕಿ, ಮೈನಸ್ 2 ಎಂದು ಕಾಣುತ್ತದೆ. ಬೈಟ್‌ಗಳು ಎಫ್‌ಎಫ್ ಸಿಎಫ್. ಎರಡು ಬೈಟಿನ ಆದೇಶ ಎರಡು ಬೈಟ್ ಹಿಂದಕ್ಕೆ ಹೋದರೆ ತಲುಪುವುದು ತನ್ನನ್ನೇ. ನಿಮ್ಮ ಲೂಪಿನ ಜಾಗದಲ್ಲಿ ಇದು ಸಿಕ್ಕಿತೆಂದರೆ ಬೇರೇನೂ ಹುಡುಕುವುದು ಬೇಡ. ವೊಲಟೈಲ್ ಸೇರಿಸಿ ಮತ್ತೆ ನೋಡಿ. ರ್‍ಯಾಮಿನಿಂದ ಓದುವ ‘ಎಲ್‌ಡಿಎಸ್’ ಆದೇಶ ಈಗ ಲೂಪಿನ ಒಳಗೆ ಬಂದಿರುತ್ತದೆ.

ವೊಲಟೈಲ್ ಹಾಕಿದೆ ಅಣ್ಣ. ಈಗ ಅಪರೂಪಕ್ಕೆ 255 ಇರಬೇಕಾದ ಕಡೆ 511 ಬರುತ್ತೆ.

ಎಷ್ಟೋ ದಿನ ಸರಿಯಾಗಿದ್ದು ಜೋರು ಮಳೆಯಲ್ಲೇ ಕೆಡುವ ತೊಂದರೆ ಇದು. ಮತ್ತೆ ಎಲ್‌ಡಿಎಸ್ ನೋಡಿ, ಒಂದಲ್ಲ, ಎರಡಿವೆ. ಚಿಪ್ 8 ಬಿಟ್, ಎಣಿಕೆ 16 ಬಿಟ್. ಮೊದಲು ಕೆಳಗಿನ ಬೈಟ್ ಓದುತ್ತದೆ, ಆಮೇಲೆ ಮೇಲಿನದು. ಎಣಿಕೆ 255 ಇದ್ದಾಗ ಕೆಳಗಿನ ಬೈಟ್ ಎಫ್‌ಎಫ್ ಎಂದು ಓದಿತು. ಅಷ್ಟರಲ್ಲಿ ಬಟ್ಟಲು ಮಗುಚಿ ಎಣಿಕೆ 256 ಆಯಿತು, ಮೇಲಿನ ಬೈಟ್ 1 ಆಯಿತು. ಈಗ ಅದನ್ನು ಓದಿದರೆ 1 ಮತ್ತು ಎಫ್‌ಎಫ್, ಅಂದರೆ 511.

ಓದುವ ಮೊದಲು ಇಂಟರಪ್ಟ್ ನಿಲ್ಲಿಸಿ, ಎಣಿಕೆಯನ್ನು ಬೇರೆ ವೇರಿಯಬಲ್‌ಗೆ ನಕಲು ಮಾಡಿ, ಮತ್ತೆ ಚಾಲೂ ಮಾಡಿ. ಆಬ್ಜ್‌ಡಂಪ್‌ನಲ್ಲಿ ‘ಸಿಎಲ್‌ಐ’, ಎರಡು ಎಲ್‌ಡಿಎಸ್, ‘ಎಸ್‌ಇಐ’ ಇದೇ ಕ್ರಮದಲ್ಲಿ ಕಾಣಬೇಕು. ಸಿ ಕೋಡನ್ನು ಎಷ್ಟು ದಿಟ್ಟಿಸಿದರೂ ಈ ತಪ್ಪು ಕಾಣುವುದಿಲ್ಲ. ಅಲ್ಲಿ ಅದು ಒಂದೇ ಸಾಲು.

## ಇನ್ನೂ ಆಳಕ್ಕೆ

ಫಂಕ್ಷನ್ ಹೆಸರುಗಳೇ ಇಲ್ಲ. ಏನು ಮಾಡೋದು?

ಯಾರೋ ‘ಸ್ಟ್ರಿಪ್’ ಮಾಡಿದ್ದಾರೆ, ಅಂದರೆ ಹೆಸರುಗಳನ್ನು ಅಳಿಸಿದ್ದಾರೆ. ಸಣ್ಣ ಟಿ ಕೊಟ್ಟು ನೋಡಿ, ಸಿಂಬಲ್ (ಹೆಸರುಗಳ) ಪಟ್ಟಿ ಖಾಲಿ ಇರುತ್ತದೆ. ಹೊರಗಿನ ಲೈಬ್ರರಿ ಬಳಸುವ ಪ್ರೋಗ್ರಾಮ್ ಆದರೆ ದೊಡ್ಡ ಟಿ ಕೊಡಿ, ಓಡುವಾಗ ಬೇಕಾಗುವ ಹೆಸರುಗಳು ಉಳಿದಿರುತ್ತವೆ. ಯಾವ ಲೈಬ್ರರಿ ಫಂಕ್ಷನ್ ಎಲ್ಲಿ ಕರೆದಿದ್ದಾರೆ ಎಂಬುದರಿಂದಲೇ ಎಷ್ಟೋ ಗೊತ್ತಾಗುತ್ತದೆ.

ಮಧ್ಯೆ ಮಧ್ಯೆ ಅರ್ಥವಿಲ್ಲದ ಆದೇಶ, ‘ಬ್ಯಾಡ್’ ಅಂತ ಬರುತ್ತೆ.

ಅಲ್ಲಿರುವುದು ಕೋಡ್ ಅಲ್ಲ, ಡೇಟಾ. ಆಬ್ಜ್‌ಡಂಪ್ ಮೊದಲಿನಿಂದ ಕೊನೆವರೆಗೆ ಸಾಲಾಗಿ ಬಿಚ್ಚುತ್ತಾ ಹೋಗುತ್ತದೆ. ಕೋಡ್ ಎಲ್ಲಿಗೆ ಹಾರುತ್ತದೆ ಎಂದು ಹಿಂಬಾಲಿಸಿ ನೋಡುವುದಿಲ್ಲ. ಇಂಟೆಲ್‌ನಲ್ಲಿ ಒಂದು ಬೈಟ್ ಆಚೀಚೆ ಆದರೂ ಮುಂದಿನ ಹಲವು ಸಾಲು ತಪ್ಪು ಬರುತ್ತವೆ. ಎರಡು ಹೈಫನ್ ಹಾಕಿ ‘ಸ್ಟಾರ್ಟ್-ಅಡ್ರೆಸ್’ ಕೊಟ್ಟು ಸರಿಯಾದ ಜಾಗದಿಂದ ಶುರು ಮಾಡಿಸಿ. ಹಿಂದಿನ ಯಾವುದಾದರೂ ಜಂಪ್ ಎಲ್ಲಿಗೆ ಹಾರುತ್ತದೆ ನೋಡಿದರೆ ಆ ಜಾಗ ಸಿಗುತ್ತದೆ.

ಹೆಕ್ಸ್ ಫೈಲ್ ಮಾತ್ರ ಉಳಿದಿದೆ, ಕೋಡ್ ಬರೆದವರು ಊರು ಬಿಟ್ಟಿದ್ದಾರೆ.

ಎವಿಆರ್-ಆಬ್ಜ್‌ಡಂಪ್‌ಗೆ ಸಣ್ಣ ಎಂ ಹಾಕಿ ‘ಎವಿಆರ್5’, ಜೊತೆಗೆ ದೊಡ್ಡ ಡಿ ಕೊಡಿ. ಇಲ್ಲಿ ದೊಡ್ಡ ಡಿಯೇ ಬೇಕು, ಹೆಕ್ಸ್ ಫೈಲಿನಲ್ಲಿ ಚಿಪ್ಪಿಗೆ ಹಾಕುವ ಬೈಟ್‌ಗಳಷ್ಟೇ ಇರುತ್ತವೆ, ಯಾವುದು ಕೋಡ್ ಎಂಬ ಗುರುತು ಇರುವುದಿಲ್ಲ. ಊನೋದ ಚಿಪ್ ಆದರೆ ಸಾಮಾನ್ಯವಾಗಿ ಶುರುವಿನಲ್ಲೇ 26 ಜಂಪ್‌ಗಳ ಸಾಲು ಸಿಗುತ್ತದೆ, ಅದು ಇಂಟರಪ್ಟ್ ಪಟ್ಟಿ. ಹೆಚ್ಚಿನವು ಒಂದೇ ವಿಳಾಸಕ್ಕೆ ಹಾರುತ್ತವೆ. ಮೊದಲನೆಯದು ಪ್ರೋಗ್ರಾಮ್ ಶುರುವಾಗುವ ಜಾಗಕ್ಕೆ ಹಾರುತ್ತದೆ. ಉಳಿದವುಗಳಲ್ಲಿ ಬೇರೆ ಕಡೆ ಹಾರುವವೇ ನಿಜವಾಗಿ ಬಳಕೆಯಲ್ಲಿರುವ ಇಂಟರಪ್ಟ್‌ಗಳು. ಓದಲು ಅಲ್ಲಿಂದ ಶುರು ಮಾಡಿ.

ಬೇರೆಯವರ ಪ್ರೋಗ್ರಾಮ್ ಹೀಗೆ ಬಿಚ್ಚಿ ನೋಡೋದು ಕಾನೂನಿಗೆ ವಿರುದ್ಧ ಅಲ್ವಾ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೆಲವು ಕೆಲಸಗಳಿಗೆ ಅವಕಾಶ ಕೊಡುತ್ತದೆ. ನ್ಯಾಯವಾಗಿ ಪಡೆದ ಪ್ರೋಗ್ರಾಮಿನ ಹಿಂದಿನ ತತ್ವ ತಿಳಿಯಲು ಅದು ನಡೆಯುವ ರೀತಿಯನ್ನು ಗಮನಿಸಿ ಅಧ್ಯಯನ ಮಾಡುವುದು ಅದರಲ್ಲಿ ಒಂದು. ನಿಮ್ಮದೇ ಪ್ರೋಗ್ರಾಮ್ ಅದರ ಜೊತೆ ಹೊಂದಿ ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿ ಪಡೆಯುವುದು ಇನ್ನೊಂದು. ನಕಲು ಮಾಡಿ ಮಾರುವುದಕ್ಕೆ ಇದು ಅನುಮತಿ ಅಲ್ಲ. ಹಣದ ವ್ಯವಹಾರ ಇದ್ದರೆ ಒಪ್ಪಂದದ ಪತ್ರವನ್ನು ವಕೀಲರಿಗೆ ತೋರಿಸಿ. ಎಲ್ಲಿಂದಲೋ ಬಂದ ಅನುಮಾನದ ಫೈಲ್ ಆದರೆ ಅದನ್ನು ಓಡಿಸಬೇಡಿ. ಬಿಚ್ಚುವುದನ್ನೂ ಬೇರೆ ಯಂತ್ರದಲ್ಲೋ ವರ್ಚುವಲ್ ಮಶೀನಿನಲ್ಲೋ ಮಾಡಿ. ಆಬ್ಜ್‌ಡಂಪ್ ಒಳಗೂ ದೋಷ ಇರಬಹುದು.

ಎಲ್‌ಟಿಓ ಹಾಕಿ ಕಂಪೈಲ್ ಮಾಡಿದ ಓ ಫೈಲಿನಲ್ಲಿ ನನ್ನ ಕೋಡೇ ಇಲ್ಲ.

ಎಲ್‌ಟಿಓ ಎಂದರೆ ಲಿಂಕ್ ಮಾಡುವಾಗ ಇಡೀ ಪ್ರೋಗ್ರಾಮನ್ನು ಆಪ್ಟಿಮೈಸ್ ಮಾಡುವುದು. ಆ ಓ ಫೈಲಿನಲ್ಲಿ ಇರುವುದು ಕಂಪೈಲರ್‌ನ ನಡುವಿನ ಹಂತದ ರೂಪ. ಯಂತ್ರದ ಕೋಡ್ ಹುಟ್ಟುವುದು ಲಿಂಕ್ ಮಾಡುವಾಗ. ಲಿಂಕ್ ಆದ ಫೈಲನ್ನು ನೋಡಿ, ಅಥವಾ ಕಂಪೈಲ್ ಮಾಡುವಾಗ ‘ಫ್ಯಾಟ್ ಎಲ್‌ಟಿಓ ಆಬ್ಜೆಕ್ಟ್ಸ್’ ಆಯ್ಕೆ ಕೊಡಿ.

ಹಳೆಯ ಫರ್ಮ್‌ವೇರ್‌ಗೂ ಹೊಸದಕ್ಕೂ ಏನು ವ್ಯತ್ಯಾಸ ಅಂತ ಹೇಗೆ ನೋಡೋದು?

ಎರಡನ್ನೂ ಬಿಚ್ಚಿ ಎರಡು ಪಠ್ಯ ಫೈಲ್ ಮಾಡಿ ವ್ಯತ್ಯಾಸ ತೋರಿಸುವ ‘ಡಿಫ್’ಗೆ ಕೊಡಬಹುದು. ಆದರೆ ಒಂದು ಆದೇಶ ಸೇರಿದರೂ ಅದರ ಕೆಳಗಿನ ವಿಳಾಸಗಳೆಲ್ಲ ಬದಲಾಗಿ, ಎಲ್ಲ ಸಾಲೂ ಬೇರೆ ಎಂದು ಬರುತ್ತದೆ. ‘ನೋ-ಶೋ-ರಾ-ಇನ್ಸ್ನ್’ ಎಂಬ ಆಯ್ಕೆ ಬೈಟ್‌ಗಳ ಕಾಲಂ ತೆಗೆಯುತ್ತದೆ. ಹೊಸ ಆವೃತ್ತಿಗಳಲ್ಲಿ ‘ನೋ-ಅಡ್ರೆಸಸ್’ ಕೊಟ್ಟರೆ ವಿಳಾಸವೂ ಹೋಗುತ್ತದೆ. ಹಳೆಯದರಲ್ಲಿ ‘ಸೆಡ್’ ಎಂಬ ಪಠ್ಯ ತಿದ್ದುವ ಸಾಧನ ಬಳಸಿ ಮೊದಲ ಕಾಲಂ ಕತ್ತರಿಸಿ. ಎರಡನ್ನೂ ಒಂದೇ ಆವೃತ್ತಿಯ ಕಂಪೈಲರ್‌ನಲ್ಲಿ ಕಟ್ಟಿರಬೇಕು. ಇಲ್ಲದಿದ್ದರೆ ನಿಮ್ಮ ಬದಲಾವಣೆ ಯಾವುದು, ಕಂಪೈಲರ್‌ನದು ಯಾವುದು ಎಂದು ಬಿಡಿಸಲಾಗುವುದಿಲ್ಲ.